ಮಾಸ್ಟೆಲ್ಲರ್ ಅವರ ಸಂಭವನೀಯತೆಯ ಸಮಸ್ಯೆಗಳು: ಪುಟ್ಟ ಪುಸ್ತಕದ ದೊಡ್ಡ ಪಾಠ

ದಾಳದಲ್ಲಿ ಆರು ಬೀಳುವವರೆಗೆ ಅದನ್ನು ಸರಾಸರಿ ಎಷ್ಟು ಸಲ ಎಸೆಯಬೇಕು? ಆರು ಸಲ ಎಂದು ಊಹಿಸುವುದು ಸುಲಭ. ಏಕೆ ಎಂದು ಕೇಳಿದಾಗ ಮಾತ್ರ ಅನೇಕರು ಅನಂತ ಶ್ರೇಣಿಯೊಂದನ್ನು ಬರೆದು, ಅದರ ಮೊತ್ತ ಕಾಣುವಲ್ಲಿ ದಾರಿ ತಪ್ಪುತ್ತಾರೆ. ಹಾರ್ವರ್ಡ್‌ನ ಸಂಖ್ಯಾಶಾಸ್ತ್ರಜ್ಞ ಫ್ರೆಡೆರಿಕ್ ಮಾಸ್ಟೆಲ್ಲರ್ 1965ರಲ್ಲಿ ಪ್ರಕಟಿಸಿದ ‘ಫಿಫ್ಟಿ ಚಾಲೆಂಜಿಂಗ್ ಪ್ರಾಬ್ಲಮ್ಸ್ ಇನ್ ಪ್ರಾಬಬಿಲಿಟಿ’ ಪುಸ್ತಕವನ್ನು ಕೊಳ್ಳಲು ಈ ಪ್ರಶ್ನೆಗೆ ಅದರಲ್ಲಿರುವ ಪರಿಹಾರವೊಂದೇ ಸಾಕೆಂದು ನನಗನ್ನಿಸುತ್ತದೆ.

ಬೇಕಾದ ಸರಾಸರಿಯನ್ನು ‘ಮ’ ಎಂದಿಟ್ಟುಕೊಳ್ಳೋಣ. ಮೊದಲ ಎಸೆತವಂತೂ ಖರ್ಚಾಗಿಯೇ ಆಗುತ್ತದೆ. ಅದರಲ್ಲಿ ಆರು ಬೀಳದಿದ್ದರೆ, ಅಂದರೆ 5/6 ಸಂಭವನೀಯತೆಯಲ್ಲಿ, ನಾವು ಹೊರಟಲ್ಲಿಗೇ ಮರಳುತ್ತೇವೆ, ಏಕೆಂದರೆ ದಾಳಕ್ಕೆ ಹಿಂದಿನ ಎಸೆತದ ನೆನಪಿರುವುದಿಲ್ಲ. ಆದ್ದರಿಂದ ಮ = 1 + (5/6)ಮ, ಅಂದರೆ ಮ = 6. ಶ್ರೇಣಿಯ ಗೋಜೇ ಇಲ್ಲ.

ಈ ವಿಧಾನ ಕೈವಶವಾದರೆ ಪುಸ್ತಕದಾಚೆಗೂ ನಡೆಯಬಹುದು. ನಾಣ್ಯವನ್ನು ಮತ್ತೆ ಮತ್ತೆ ಚಿಮ್ಮುತ್ತಾ ‘ಶಿರ, ಶಿರ’ ಒಂದರ ಹಿಂದೊಂದು ಬರಲು ಕಾದರೆ ಸರಾಸರಿ 6 ಚಿಮ್ಮುಗಳು ಬೇಕು. ‘ಶಿರ, ಪುಚ್ಛ’ಕ್ಕೆ ಕಾದರೆ 4 ಸಾಕು. ಎರಡು ಚಿಮ್ಮುಗಳಲ್ಲಿ ಎರಡೂ ಜೋಡಿಗಳ ಸಂಭವನೀಯತೆ 1/4 ಆಗಿದ್ದರೂ ಈ ಅಂತರ ಏಕೆ? ಮೊದಲನೆಯದರಲ್ಲಿ ಒಂದು ಶಿರ ಬಂದ ಮೇಲೆ ಪುಚ್ಛ ಬಿದ್ದರೆ ಗಳಿಸಿದ್ದೆಲ್ಲ ಕಳೆದುಹೋಗುತ್ತದೆ. ಎರಡನೆಯದರಲ್ಲಿ ಶಿರದ ಮೇಲೆ ಮತ್ತೊಂದು ಶಿರ ಬಿದ್ದರೂ ನಾವು ನಿಂತಲ್ಲೇ ನಿಂತಿರುತ್ತೇವೆ. ಇದನ್ನು ಎರಡು ಸಮೀಕರಣಗಳಾಗಿ ಬರೆದು ಬಿಡಿಸಿದ ಸಂಜೆಯ ಸಂತೋಷ ನನಗೆ ಇನ್ನೂ ನೆನಪಿದೆ.

1693ರಲ್ಲಿ ಇಂಗ್ಲೆಂಡಿನ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ ನ್ಯೂಟನ್‌ಗೆ ಕೇಳಿದ ಪ್ರಶ್ನೆಯೂ ಇಲ್ಲಿದೆ: 6 ದಾಳಗಳಲ್ಲಿ ಕನಿಷ್ಠ ಒಂದು ಆರು, 12ರಲ್ಲಿ ಕನಿಷ್ಠ ಎರಡು, 18ರಲ್ಲಿ ಕನಿಷ್ಠ ಮೂರು, ಇವುಗಳಲ್ಲಿ ಯಾವುದು ಹೆಚ್ಚು ಸಂಭವನೀಯ? ಮೂರೂ ಸಮವೆಂದು ಮನಸ್ಸು ಹೇಳಿದರೂ ಲೆಕ್ಕ ಕ್ರಮವಾಗಿ ಸುಮಾರು 0.665, 0.619, 0.597 ಎನ್ನುತ್ತದೆ.

ಕೊರತೆಗಳೂ ಇವೆ. ಸಮಸ್ಯೆಗಳನ್ನು ಕಠಿಣತೆಗೆ ಅನುಗುಣವಾಗಿ ವಿಂಗಡಿಸಿಲ್ಲ. ಪಿಯುಸಿ ವಿದ್ಯಾರ್ಥಿ ಸರಾಗವಾಗಿ ಸಾಗುತ್ತಿರುವಾಗಲೇ ಬಫನ್‌ನ ಸೂಜಿಯಂತಹ (ಸಮಾಂತರ ಗೆರೆಗಳ ಮೇಲೆ ಎಸೆದ ಸೂಜಿ ಗೆರೆಯೊಂದನ್ನು ದಾಟುವ ಸಂಭವನೀಯತೆ ಎಷ್ಟು?), ಕಲನಶಾಸ್ತ್ರ ಬೇಡುವ ಪ್ರಶ್ನೆ ಎದುರಾಗುತ್ತದೆ. ಕ್ರ್ಯಾಪ್ಸ್‌ನಂತಹ ಅಮೆರಿಕದ ದಾಳದಾಟಗಳು ನಮ್ಮ ಓದುಗರಿಗೆ ಅಪರಿಚಿತವಾದ್ದರಿಂದ ಲೆಕ್ಕಕ್ಕಿಂತ ಮೊದಲು ಆಟದ ನಿಯಮವನ್ನೇ ಎರಡು ಸಲ ಓದಬೇಕಾಗುತ್ತದೆ. ಆದರೆ ಆ ಶ್ರಮ ವ್ಯರ್ಥವಲ್ಲ: ಎಸೆಯುವವನು ಗೆಲ್ಲುವ ಸಂಭವನೀಯತೆ 244/495, ಅರ್ಧಕ್ಕಿಂತ ಕೂದಲೆಳೆಯಷ್ಟು ಮಾತ್ರ ಕಡಿಮೆ ಎಂಬ ಉತ್ತರ ಕೊನೆಯಲ್ಲಿ ಕೈಗೆ ಸಿಗುತ್ತದೆ.

ಡೋವರ್ ಪ್ರಕಾಶನದ ತೆಳು ಆವೃತ್ತಿಯಲ್ಲಿ ಪರಿಹಾರಗಳೂ ಜೊತೆಗಿವೆ. ಅವುಗಳನ್ನು ತೆರೆಯುವ ಮೊದಲು ಪ್ರತಿ ಸಮಸ್ಯೆಗೂ ಒಂದು ದಿನವಾದರೂ ಕೊಡಿ ಎಂದು ಕೊಳ್ಳುವವರಲ್ಲಿ ಕೇಳಿಕೊಳ್ಳುತ್ತೇನೆ.