ಗಾಳಿ ತುಂಬಿ ನೋಡಿದರೆ ಸಾಲದು: ಒಂದು ಹಳೆಯ 070 ಸೀಜ್ ಆದ ಬಗೆ

ಹಳೆಯ ಸ್ಟಿಲ್ 070 ಚೈನ್ ಗರಗಸ. ಹೊಸ ಪಿಸ್ಟನ್, ಹೊಸ ರಿಂಗು, ಕ್ರ್ಯಾಂಕಿನ ಎರಡೂ ಬದಿಗೆ ಹೊಸ ಆಯಿಲ್ ಸೀಲ್, ಕಾರ್ಬ್ಯುರೇಟರಿಗೆ ಹೊಸ ಡಯಾಫ್ರಮ್. ಮೂರನೇ ಎಳೆತಕ್ಕೇ ಸ್ಟಾರ್ಟ್ ಆಯಿತು, ಐಡ್ಲಿಂಗ್ ಕೂಡ ನಿಂತಿತು. ಒಣಗಿದ ಸಿಲ್ವರ್ ಓಕ್ ದಿಮ್ಮಿಗೆ ಹಚ್ಚಿ ಎರಡನೇ ಟ್ಯಾಂಕ್ ಅರ್ಧ ಖಾಲಿಯಾಗುವಷ್ಟರಲ್ಲಿ ಸದ್ದು ಸಣ್ಣಗಾಗಿ ಮೇಲಕ್ಕೇರಿತು, ಅಲ್ಲಿಗೇ ಗಕ್ಕನೆ ನಿಂತಿತು. ಹಗ್ಗ ಎಳೆದರೆ ಕಲ್ಲಿನ ಹಾಗೆ ಬಿಗಿ: ಎಂಜಿನ್ ಸೀಜ್, ಅಂದರೆ ಪಿಸ್ಟನ್ ಬೋರಿನಲ್ಲಿ ಕಚ್ಚಿಕೊಂಡಿತ್ತು. ಮಫ್ಲರ್ ಬಿಚ್ಚಿ ನೋಡಿದರೆ ಪಿಸ್ಟನ್ನಿನ ಎಕ್ಸಾಸ್ಟ್ ಬದಿ ಮೇಲಿಂದ ಕೆಳಗಿನವರೆಗೆ ಗೀರುಬಿದ್ದು, ಕರಗಿದ ಅಲ್ಯುಮಿನಿಯಂ ಬೋರಿಗೆ ಮೆತ್ತಿಕೊಂಡಿತ್ತು.

ಜೋಡಿಸುವಾಗ ಉದಾಸೀನ ಮಾಡಿದ ಕೆಲಸವೇನೂ ಅಲ್ಲ ಇದು. ಎಂಜಿನ್ನಿನೊಳಗೆ ಗಾಳಿ ತುಂಬಿ ಸೋರಿಕೆ ನೋಡುವ ಪ್ರೆಶರ್ ಟೆಸ್ಟ್ ಸಹ ಮಾಡಲಾಗಿತ್ತು. ಡಾಕ್ಟರರ ಹಳೆಯ ಬಿಪಿ ಮಾಪಕದ ಬಲ್ಬನ್ನೇ ಬಳಸಿ 300 ಮಿ.ಮೀ. ಪಾದರಸದವರೆಗೆ, ಅಂದರೆ ಸುಮಾರು 0.4 ಬಾರ್ ಗಾಳಿ ತುಂಬಿ, ಐದು ನಿಮಿಷ ಬಿಟ್ಟರೂ ಮುಳ್ಳು ಕದಲಿರಲಿಲ್ಲ. ಎಡವಿದ್ದು ಅಲ್ಲೇ.

ಆಯಿಲ್ ಸೀಲಿನ ತುಟಿ (ಶಾಫ್ಟನ್ನು ತಬ್ಬುವ ರಬ್ಬರ್ ಅಂಚು) ಕ್ರ್ಯಾಂಕ್‌ಕೇಸಿನ ಒಳಮುಖವಾಗಿರುತ್ತದೆ. ಒಳಗೆ ಗಾಳಿ ತುಂಬಿದರೆ ಆ ಒತ್ತಡವೇ ತುಟಿಯನ್ನು ಶಾಫ್ಟಿಗೆ ಒತ್ತಿ ಹಿಡಿಯುತ್ತದೆ. ತುಟಿ ಹರಿದಿದ್ದರೂ, ಗಟ್ಟಿಯಾಗಿದ್ದರೂ ಸೋರದೇ ಇರಬಹುದು. ಓಡುವ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಹೋದಾಗಲೆಲ್ಲ ಕ್ರ್ಯಾಂಕ್‌ಕೇಸ್ ಒಳಕ್ಕೆ ಎಳೆಯುತ್ತದಲ್ಲ, ಆಗ ಹೊರಗಿನ ಗಾಳಿ ಅದೇ ತುಟಿಯನ್ನು ಎತ್ತಿ ನುಗ್ಗುತ್ತದೆ. ಪೆಟ್ರೋಲೂ ಇಲ್ಲದ, ಎಣ್ಣೆಯೂ ಇಲ್ಲದ ಬರೀ ಗಾಳಿ ಅದು. ಮಿಶ್ರಣ ತೆಳುವಾಗುತ್ತದೆ, ಉಷ್ಣ ಏರುತ್ತದೆ, ಎಣ್ಣೆಯ ಪದರ ಸುಟ್ಟುಹೋಗುತ್ತದೆ. ಆದ್ದರಿಂದ ಗಾಳಿ ತುಂಬಿ ನೋಡಿದ ಮೇಲೆ, ಒಳಗಿನ ಗಾಳಿಯನ್ನು ಹೊರಕ್ಕೆ ಎಳೆದೂ ನೋಡಲೇಬೇಕು.

ಈ ಗರಗಸ ಬಿಚ್ಚಿದಾಗ ಸಿಕ್ಕಿದ್ದು ಫ್ಲೈವೀಲ್ ಬದಿಯ ಸೀಲಿನ ತುಟಿಯಲ್ಲಿ ಎರಡು ಮಿಲಿಮೀಟರ್ ಉದ್ದದ ಒಂದು ಕೊಯ್ತ. ಸೀಲು ಹೊಸದೇ. ಕೊಯ್ದದ್ದು ಶಾಫ್ಟಿನ ಕೀ ಕೂರುವ ತೋಡು. ಆ ತೋಡಿನ ಅಂಚು ಬ್ಲೇಡಿನಷ್ಟು ಚೂಪು. ಸೀಲನ್ನು ಅದರ ಮೇಲೆ ಹಾಗೇ ಜಾರಿಸಿದರೆ ತುಟಿ ಉಳಿಯುವುದಿಲ್ಲ. ಶಾಫ್ಟಿನ ತುದಿಗೆ, ತೋಡು ಮುಚ್ಚುವಂತೆ ತೆಳು ಸೆಲೋಟೇಪ್ ಎರಡು ಸುತ್ತು ಸುತ್ತಿ, ತುಟಿಗೆ ಗ್ರೀಸ್ ಹಚ್ಚಿ, ಟೇಪಿನ ಮೇಲಿಂದ ಜಾರಿಸಿ, ಆಮೇಲೆ ಟೇಪ್ ಕಿತ್ತರಾಯಿತು. ಐದು ನಿಮಿಷದ ಕೆಲಸ.

ಸೀಲಿನ ವಿಷಯ ಇನ್ನೂ ಇದೆ. ಹಳೆಯ ಸೀಲು ತೆಗೆಯಲು ಅದರ ಲೋಹದ ಭಾಗಕ್ಕೆ ಸಣ್ಣ ಸ್ಕ್ರೂ ಹಾಕಿ ಇಕ್ಕಳದಲ್ಲಿ ಎಳೆಯುವುದು ರೂಢಿ. ಸ್ಕ್ರೂ ಶಾಫ್ಟಿಗೆ ತಾಗಿ ಗೀರು ಬಿದ್ದರೆ ಎಂಥ ಸೀಲು ಹಾಕಿದರೂ ಸೋರುತ್ತದೆ. ದಶಕಗಟ್ಟಲೆ ತಿರುಗಿದ ಶಾಫ್ಟಿನ ಮೇಲೆ ಹಳೆಯ ತುಟಿ ಕೊರೆದ ಸಣ್ಣ ವರ್ತುಲ ಇರುತ್ತದೆ. ಉಗುರು ಆಡಿಸಿದರೆ ತಿಳಿಯುತ್ತದೆ. ಹೊಸ ತುಟಿ ಅದೇ ವರ್ತುಲದಲ್ಲಿ ಕೂರಬಾರದು. ಸೀಲನ್ನು ಅರ್ಧದಿಂದ ಒಂದು ಮಿಲಿಮೀಟರ್ ಹಿಂದೆ ಮುಂದೆ ಮಾಡಿ ಕೂರಿಸಿ, ಆದರೆ ಬೇರಿಂಗಿಗೆ ತಾಗುವಷ್ಟು ಒಳಕ್ಕೆ ಬೇಡ. ಅಳತೆಯನ್ನು ವರ್ನಿಯರ್‌ನಲ್ಲಿ ತೆಗೆದುಕೊಂಡೇ ಅಂಗಡಿಗೆ ಹೋಗಿ. "070ಕ್ಕೆ ಸೀಲ್ ಕೊಡಿ" ಎಂದರೆ ಕೈಗೆ ಸಿಗುವುದು ಯಾವುದೋ.

ಎಳೆದು ನೋಡುವುದಕ್ಕೆ ದುಬಾರಿ ಸಲಕರಣೆ ಬೇಡ. ಕಾರ್ ಬ್ರೇಕಿನ ಗಾಳಿ ತೆಗೆಯುವ ಕೈ ವ್ಯಾಕ್ಯೂಮ್ ಪಂಪ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸೈಕಲ್ ಪಂಪಿನ ಚರ್ಮದ ವಾಷರನ್ನು ತಿರುವಿ ಹಾಕಿ, ತುದಿಯಲ್ಲಿ ಒಂದು ದಾರಿಯ ವಾಲ್ವ್ ಕೂರಿಸಿದರೆ ಅದೇ ಪಂಪು ಒಳಕ್ಕೆ ಎಳೆಯುತ್ತದೆ; ಜೊತೆಗೊಂದು ವ್ಯಾಕ್ಯೂಮ್ ಗೇಜ್ ಬೇಕು. ಕಾರ್ಬ್ಯುರೇಟರ್ ಮತ್ತು ಮಫ್ಲರ್ ತೆಗೆದು, ಆ ಎರಡು ಬಾಯಿಗೂ ಹಳೆಯ ಟ್ಯೂಬಿನ ರಬ್ಬರ್ ಕತ್ತರಿಸಿ, ಮೇಲೊಂದು ದಪ್ಪ ತಗಡಿಟ್ಟು ಬಿಗಿಯಿರಿ. ಪ್ಲಗ್ಗಿನ ರಂಧ್ರದಿಂದ ಎಳೆಯಿರಿ. ಇಂಪಲ್ಸ್ ದಾರಿ (ಕ್ರ್ಯಾಂಕ್‌ಕೇಸಿನ ಒತ್ತಡದ ಏರಿಳಿತವನ್ನು ಕಾರ್ಬ್ಯುರೇಟರಿನ ಪೆಟ್ರೋಲ್ ಪಂಪಿಗೆ ಒಯ್ಯುವ ದಾರಿ) ಬೇರೆ ಪೈಪಿನಲ್ಲಿದ್ದರೆ ಅದನ್ನೂ ಮುಚ್ಚಿ. 0.5 ಬಾರ್ ಎಳೆದು ಬಿಟ್ಟರೆ 20 ಸೆಕೆಂಡಿನಲ್ಲಿ 0.3ಕ್ಕಿಂತ ಕೆಳಗೆ ಇಳಿಯಬಾರದು. ಒಂದೇ ಕಡೆ ನಿಲ್ಲಿಸಿ ನೋಡಬೇಡಿ. ಫ್ಲೈವೀಲನ್ನು ಕೈಯಲ್ಲಿ ನಿಧಾನಕ್ಕೆ ಒಂದು ಪೂರ್ತಿ ಸುತ್ತು ತಿರುಗಿಸಿ. ಕೆಲವು ಸೀಲು ಒಂದು ಮಗ್ಗುಲಲ್ಲಿ ಮಾತ್ರ ಸೋರುತ್ತವೆ. ಪಿಸ್ಟನ್ ಕೆಳಗಿದ್ದಾಗ ಅದರ ಸ್ಕರ್ಟೇ ಇನ್‌ಟೇಕ್ ಬಾಯಿ ಮುಚ್ಚಿಕೊಳ್ಳುವುದರಿಂದ, ಇನ್‌ಟೇಕ್ ಜೋಡಣೆಯ ಸೋರಿಕೆ ಆಗ ಸಿಗದು. ಪಿಸ್ಟನ್ ಮೇಲೆ ಇಟ್ಟು, ಇನ್‌ಟೇಕ್ ಬಾಯಿಂದಲೇ ಎಳೆದು ಇನ್ನೊಮ್ಮೆ ನೋಡಿ. ಸೋರುವುದು ಎಲ್ಲಿ ಎಂದು ಹುಡುಕುವಾಗ ಮಾತ್ರ ಗಾಳಿ ತುಂಬಿ ಸೋಪಿನ ನೀರು ಹಚ್ಚಿ.

ಈ ಗರಗಸ ಮೊದಲೇ ಸೂಚನೆ ಕೊಟ್ಟಿತ್ತು, ಓದಿಕೊಳ್ಳಲಿಲ್ಲ ಅಷ್ಟೇ. ನೆಟ್ಟಗೆ ಇಟ್ಟಾಗ ಐಡ್ಲಿಂಗ್ ಸರಿಯಿತ್ತು, ಫ್ಲೈವೀಲ್ ಬದಿ ಕೆಳಗೆ ಮಾಡಿ ವಾಲಿಸಿದಾಗ ಆರ್‌ಪಿಎಂ ಬದಲಾಗುತ್ತಿತ್ತು. ಥ್ರಾಟಲ್ ಬಿಟ್ಟ ಮೇಲೂ ಒಂದೆರಡು ಸೆಕೆಂಡ್ ಮೇಲೆಯೇ ತೇಲಿ ಆಮೇಲೆ ಇಳಿಯುತ್ತಿತ್ತು. ಎರಡೂ ಗಾಳಿ ಸೋರಿಕೆಯ ಲಕ್ಷಣ. ಅದಕ್ಕೆ ಕೊಟ್ಟ ಮದ್ದು ಎಚ್ ಸ್ಕ್ರೂವನ್ನು (ಪೂರ್ತಿ ಥ್ರಾಟಲ್‌ನ ಪೆಟ್ರೋಲ್ ಹೊಂದಿಸುವ ತಿರುಪು) ಕಾಲು ಸುತ್ತು ಬಿಚ್ಚಿದ್ದು. ಸೋರಿಕೆಯನ್ನು ಸ್ಕ್ರೂನಲ್ಲಿ ಮುಚ್ಚಲಾಗದು: ಬಿಸಿಯಾದಂತೆ ಸೋರಿಕೆಯ ಪ್ರಮಾಣ ಬದಲಾಗುತ್ತದೆ, ಪೆಟ್ರೋಲ್ ಬರುವ ಜೆಟ್ಟಿನದು ಬದಲಾಗುವುದಿಲ್ಲ.

ಕಿವಿಯನ್ನು ನಂಬಿದ್ದೂ ತಪ್ಪೇ. ಪೂರ್ತಿ ಥ್ರಾಟಲ್‌ನಲ್ಲಿ ಬುರ್ ಬುರ್ ಎಂದು ತಡವರಿಸಿದರೆ ಪೆಟ್ರೋಲ್ ಹೆಚ್ಚಿದೆ, ಎಂಜಿನ್ ಕ್ಷೇಮ ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ದೊಡ್ಡ ಹಳೆಯ ಗರಗಸಗಳ ಕೆಲವು ಟಿಲಟ್‌ಸನ್ ಕಾರ್ಬ್ಯುರೇಟರ್‌ಗಳಲ್ಲಿ ಗವರ್ನರ್ ವಾಲ್ವ್ ಒಂದಿರುತ್ತದೆ. ವೇಗ ಮಿತಿ ದಾಟಿದರೆ ಅದು ತಾನಾಗಿ ಪೆಟ್ರೋಲ್ ಸುರಿದು ಎಂಜಿನ್ ತಡವರಿಸುವಂತೆ ಮಾಡುತ್ತದೆ. ಆ ಸದ್ದು ಗವರ್ನರಿನದು, ಎಚ್ ಸ್ಕ್ರೂವಿನದಲ್ಲ. ಮರದೊಳಗೆ ಭಾರ ಬಿದ್ದು ವೇಗ ಇಳಿದಾಗ ವಾಲ್ವ್ ಮುಚ್ಚಿಕೊಳ್ಳುತ್ತದೆ, ಒಳಗಿನ ಬಡಕಲು ಮಿಶ್ರಣ ಆಗ ಕೆಲಸ ತೋರಿಸುತ್ತದೆ. ಇಂಥ ಕಾರ್ಬ್ಯುರೇಟರನ್ನು ಖಾಲಿ ಓಡಿಸಿ ಕಿವಿಗೊಟ್ಟು ಟ್ಯೂನ್ ಮಾಡಬೇಡಿ. ಎಚ್ ಸ್ಕ್ರೂ ಒಂದು ಸುತ್ತು ಬಿಚ್ಚಿ ಶುರುಮಾಡಿ, ದಿಮ್ಮಿಯೊಳಗೆ ಭಾರ ಕೊಟ್ಟು ಹೊಂದಿಸಿ, ಪ್ಲಗ್ ತೆಗೆದು ಬಣ್ಣ ನೋಡಿ.

ಉರಿಗೆ ತುಪ್ಪ ಹೊಯ್ದದ್ದು ಬಂಕಿನ ಪೆಟ್ರೋಲು. ಈಗ ಸಿಗುವುದರಲ್ಲಿ ಶೇ 20 ಎಥನಾಲ್. ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಅದೇ ಜೆಟ್ ತೆರಪಿಗೆ ಮಿಶ್ರಣ ಸುಮಾರು ಶೇ 7–8ರಷ್ಟು ತೆಳುವಾಗುತ್ತದೆ. ಸರಿಯಿರುವ ಎಂಜಿನ್ ಸ್ವಲ್ಪ ಸ್ಕ್ರೂ ಬಿಚ್ಚಿದರೆ ತಾಳಿಕೊಳ್ಳುತ್ತದೆ. ಸೋರುವ ಎಂಜಿನ್ನಿಗೆ ಅದೇ ಕೊನೆಯ ತಳ್ಳು. ಹಳೆಯ ರಬ್ಬರ್ ಪೈಪು, ಹಳೆಯ ಡಯಾಫ್ರಮ್ ಎರಡೂ ಎಥನಾಲ್‌ಗೆ ಉಬ್ಬಿ ಮೆತ್ತಗಾಗುತ್ತವೆ. ಬಂಕಿನವರು ಹೇಳಿದ್ದನ್ನು ನಂಬದವರು ಅಳತೆ ಗೆರೆಯಿರುವ ಕೊಳವೆಯಲ್ಲಿ 10 ಮಿ.ಲೀ. ನೀರಿಗೆ 50 ಮಿ.ಲೀ. ಪೆಟ್ರೋಲ್ ಹಾಕಿ, ಕುಲುಕಿ, ಇಳಿಯಲು ಬಿಡಿ. ಕೆಳಗಿನ ನೀರಿನ ಪದರ 20 ಮಿ.ಲೀ. ಹತ್ತಿರ ಏರಿದರೆ ಶೇ 20ರಷ್ಟು ಎಥನಾಲ್ ಇದೆ ಎಂದರ್ಥ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ. ಮಲೆನಾಡಿನ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿಟ್ಟ ಇಂಥ ಪೆಟ್ರೋಲ್ ನೀರು ಹೀರಿ ಎರಡು ಪದರವಾಗಬಹುದು.

ಎಣ್ಣೆಯನ್ನು ಜಾಸ್ತಿ ಹಾಕಿದರೆ ಒಳ್ಳೆಯದು ಎಂಬ ಲೆಕ್ಕವೂ ಕೈಕೊಡುತ್ತದೆ. ಲೀಟರಿಗೆ 40 ಮಿ.ಲೀ. ಎಂದರೆ 25:1, 20 ಮಿ.ಲೀ. ಎಂದರೆ 50:1. ಗಾಳಿ ತಂಪಿನ ಎಂಜಿನ್ನಿಗೆ ತಕ್ಕ ಎಫ್‌ಡಿ ದರ್ಜೆಯ ಟೂ-ಟಿ ಎಣ್ಣೆ ಇರಲಿ, ದೋಣಿಯ ಎಂಜಿನ್ನಿನ ಎಣ್ಣೆ ಬೇಡ. ಎಣ್ಣೆ ಏರಿಸಿದಷ್ಟೂ ಜೆಟ್ಟಿನಿಂದ ಬರುವ ಪೆಟ್ರೋಲ್ ಕಡಿಮೆ, ಹಾಗಾಗಿ ಅನುಪಾತ ಬದಲಿಸಿದಾಗ ಎಚ್ ಸ್ಕ್ರೂವನ್ನೂ ಮತ್ತೆ ನೋಡಬೇಕು.

ಸೀಜ್ ಆದ ಮೇಲೆ ಆಗಬಹುದಿದ್ದ ತಪ್ಪು ಇನ್ನೂ ದುಬಾರಿಯಾಗುತ್ತಿತ್ತು. ಬೋರಿಗೆ ಮೆತ್ತಿದ ಅಲ್ಯುಮಿನಿಯಂ ತೆಗೆಯಲು ಎಲ್ಲರೂ ಹೇಳುವುದು ಟೈಲ್ಸ್ ತೊಳೆಯುವ ಆಸಿಡ್, ಅಂದರೆ ಹೈಡ್ರೋಕ್ಲೋರಿಕ್ ಆಮ್ಲ. ಈಚಿನ ನಿಕಸಿಲ್ ಲೇಪನದ ಸಿಲಿಂಡರಿಗೆ ಅದು ನಡೆಯುತ್ತದೆ. ಆ ಕಾಲದ ಬಹಳಷ್ಟು ಸಿಲಿಂಡರ್‌ಗಳ ಲೇಪನ ಹಾರ್ಡ್ ಕ್ರೋಮ್, ಈ ಆಮ್ಲ ಕ್ರೋಮನ್ನೇ ತಿನ್ನುತ್ತದೆ! ಕ್ರೋಮ್ ಬೋರಿಗೆ ಕಾಸ್ಟಿಕ್ ಸೋಡಾ ದ್ರಾವಣ. ಹತ್ತಿಕಡ್ಡಿಯಲ್ಲಿ ಮೆತ್ತಿದ ಜಾಗಕ್ಕೆ ಮಾತ್ರ ಹಚ್ಚಿ. ಬುರುಬುರು ನೊರೆ ನಿಲ್ಲುವವರೆಗೆ ಒರೆಸಿ ಮತ್ತೆ ಹಚ್ಚಿ. ಮೆತ್ತಿದ್ದು ಮುಗಿದಂತೆ ಕಂಡರೂ ನೊರೆ ನಿಲ್ಲದಿದ್ದರೆ ಅಲ್ಲಿ ಲೇಪನ ಹೋಗಿದೆ, ಸಿಲಿಂಡರಿನ ಮೈಯೇ ಕರಗುತ್ತಿದೆ ಎಂದರ್ಥ. ತಕ್ಷಣ ನೀರು ಹಾಕಿ. ಹೊರಡುವ ಅನಿಲ ಜಲಜನಕ. ಬೀಡಿ, ಬೆಂಕಿ ದೂರ, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ. ಕ್ರೋಮ್ ಬೋರಿನೊಳಗೆ ಕ್ರೋಮ್ ಲೇಪಿತ ರಿಂಗ್ ಹಾಕಬೇಡಿ, ಒಂದನ್ನೊಂದು ಕಿತ್ತುಕೊಳ್ಳುತ್ತವೆ. ಬರೀ ಬೀಡುಕಬ್ಬಿಣದ ರಿಂಗೇ ಸರಿ.

ಹೆಸರಿಲ್ಲದ ಡಬ್ಬಿಯಲ್ಲಿ ಬರುವ ಸಿಲಿಂಡರ್ ಕಿಟ್ ಅಗ್ಗ, ನಿಜ. 070ಕ್ಕೆ ಅಂಥವು ಧಾರಾಳ ಸಿಗುತ್ತವೆ. ಸ್ಟಿಲ್‌ನದೇ 1959ರ ಕಾಂಟ್ರಾ ಗರಗಸದಿಂದ ಬಂದ ಅದೇ 58 ಮಿ.ಮೀ. ಬೋರ್, 40 ಮಿ.ಮೀ. ಸ್ಟ್ರೋಕ್, 106 ಸಿಸಿ. ಇದರಷ್ಟು ನಕಲಾದ ಗರಗಸ ಕಡಿಮೆ. ಕಿಟ್ ಹಾಕಲೇಬೇಕಿದ್ದರೆ ಪೋರ್ಟುಗಳ ಅಂಚನ್ನು ಬೆರಳಲ್ಲಿ ಸವರಿ ನೋಡಿ. ಚೂಪಾಗಿದ್ದರೆ ರಿಂಗ್ ಸಿಕ್ಕಿ ಮುರಿಯುತ್ತದೆ, ಸಣ್ಣ ಅರದಲ್ಲಿ ಅಂಚು ಮುರಿಯಿರಿ. ಅದರ ಜೊತೆ ಬಂದ, ಪಿಸ್ಟನ್ ಪಿನ್ ಹಿಡಿದಿಡುವ ಸರ್‌ಕ್ಲಿಪ್ ಎಸೆದು ಒಳ್ಳೆಯದು ಹಾಕಿ, ಬಾಯಿ ನೇರ ಮೇಲೆ ಅಥವಾ ಕೆಳಗೆ ಬರಲಿ. ಪಕ್ಕಕ್ಕಿದ್ದರೆ ಪಿಸ್ಟನ್ನಿನ ಏರಿಳಿತಕ್ಕೆ ಜಿಗಿದು ಹೊರಬೀಳುತ್ತದೆ. ಬೇಸ್ ಗ್ಯಾಸ್ಕೆಟ್ ಬದಲಿಸಿದರೆ ಪ್ಲಗ್ ರಂಧ್ರದಿಂದ ಸಾಲ್ಡರ್ ತಂತಿ ತೂರಿಸಿ ಒಂದು ಸುತ್ತು ತಿರುಗಿಸಿ, ಪಿಸ್ಟನ್ನಿಗೂ ಸಿಲಿಂಡರ್ ತಲೆಗೂ ನಡುವಿನ ತೆರಪು ಅಳೆಯಿರಿ: ಚಪ್ಪಟೆಯಾದ ತುದಿ 0.5 ಮಿ.ಮೀ.ಗಿಂತ ತೆಳುವಾಗಿರಬಾರದು. ಕಾರ್ಬ್ಯುರೇಟರ್ ಬುಡದ ಗ್ಯಾಸ್ಕೆಟ್‌ನಲ್ಲಿ ಇಂಪಲ್ಸ್ ರಂಧ್ರ ಇದ್ದರೆ, ಅದು ಎದುರಿನ ರಂಧ್ರಕ್ಕೆ ಸರಿಯಾಗಿ ಕೂರುತ್ತದೆಯೇ ಎಂದು ಕಣ್ಣಾರೆ ನೋಡಿ. ಅರ್ಧ ಮುಚ್ಚಿದರೂ ಪೆಟ್ರೋಲ್ ಪಂಪ್ ಸೊರಗಿ, ಭಾರದಲ್ಲಿ ಮಾತ್ರ ಮಿಶ್ರಣ ತೆಳುವಾಗುತ್ತದೆ. ಕಾರ್ಬ್ಯುರೇಟರಿನ ಮೀಟರಿಂಗ್ (ಪೆಟ್ರೋಲ್ ಅಳೆದು ಬಿಡುವ) ಬದಿಯಲ್ಲಿ ಮೊದಲು ಗ್ಯಾಸ್ಕೆಟ್, ಮೇಲೆ ಡಯಾಫ್ರಮ್. ಪಂಪ್ ಬದಿಯ ಕ್ರಮಕ್ಕೆ ಬಿಚ್ಚುವಾಗಲೇ ಫೋಟೋ ತೆಗೆದಿಡಿ.

ಕಿಡಿ ಹುಟ್ಟಿಸಲು ಪಾಯಿಂಟ್ಸ್ ಇರುವ ಎಂಜಿನ್ನಿಗೆ ಅವುಗಳ ತೆರಪು 0.35–0.40 ಮಿ.ಮೀ., ಪ್ಲಗ್ಗಿಗೆ 0.5. ಇದರಲ್ಲಿ ಹೆಚ್ಚು ಹೇಳುವುದೇನಿಲ್ಲ.

ಒಂದು ಮಾತು ಮಾತ್ರ ಎಂಜಿನ್ನಿಗೆ ಸಂಬಂಧವಿಲ್ಲದ್ದು: ಈ ಹಳೆಯ ಗರಗಸಗಳಿಗೆ ಚೈನ್ ಬ್ರೇಕ್ ಇಲ್ಲ. ಬಾರಿನ ತುದಿ ಏನಕ್ಕಾದರೂ ತಾಗಿದರೆ 12 ಕೆಜಿಯಷ್ಟು ತೂಕ ಮುಖದತ್ತ ಬರುತ್ತದೆ. ಪರೀಕ್ಷೆಗೆ ನೆಲದ ಮೇಲಿನ ದಿಮ್ಮಿ ಸಾಕು, ನಿಂತ ಮರ ಬೇಡ. ಒಬ್ಬರೇ ಇರುವಾಗಲಂತೂ ಬೇಡ.

ಈ 070ಕ್ಕೆ ಕೊನೆಗೆ ಹಳೆಯ ಸಿಲಿಂಡರೇ ಒದಗಿತು. ಕ್ರೋಮ್ ಎಲ್ಲೂ ಎದ್ದಿರಲಿಲ್ಲ. ಇನ್ನೊಂದು ಪಿಸ್ಟನ್, ಟೇಪಿನ ಮೇಲಿಂದ ಜಾರಿಸಿದ ಸೀಲು, ಹೊಸ ಇನ್‌ಟೇಕ್ ಗ್ಯಾಸ್ಕೆಟ್. 0.5 ಬಾರ್ ಎಳೆದು ಬಿಟ್ಟಾಗ ಅರ್ಧ ನಿಮಿಷದ ಮೇಲೆ ಗೇಜ್ 0.45 ತೋರಿಸುತ್ತಿತ್ತು. ಕಾರ್ಬ್ಯುರೇಟರ್ ಕೂರಿಸಿದ್ದು ಆಮೇಲೆ.