ನರ್ಸರಿಯಿಂದ ತಂದ ಕಾಡು ಕೇಪಳ: ಎರಡು ವರ್ಷದ ಅನುಭವ

ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು ನರ್ಸರಿಯಿಂದ ಕೇಪಳದ ಗಿಡ ತಂದೆ. ಅಲ್ಲಿ ಇಕ್ಸೋರಾ (ಕೇಪಳದ ಇನ್ನೊಂದು ಹೆಸರು) ಕೇಳಿದರೆ ಕುಳ್ಳ ತಳಿಯನ್ನೇ ತೋರಿಸುತ್ತಾರೆ. ನನಗೆ ಬೇಕಿದ್ದದ್ದು ನಮ್ಮ ಕರಾವಳಿಯ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಕೆಂಪು ಕೇಪಳ. ಹುಡುಕಿ ಕೊಟ್ಟರು, ಅದು ಖುಷಿ.

ಮೊದಲ ಗೊಂಚಲು ಅರಳಿದ ದಿನ ಕುಂಡದ ಪಕ್ಕವೇ ಕೂತುಬಿಟ್ಟೆ. ಒಂದೊಂದು ಹೂವಿಗೂ ಸೂಜಿಯಷ್ಟು ಸಣ್ಣ, ಉದ್ದ ಕೊಳವೆ. ತುದಿಯಲ್ಲಿ ನಾಲ್ಕೇ ಎಸಳು. ಚಿಕ್ಕವರಿದ್ದಾಗ ಹೂ ಕಿತ್ತು ಬುಡದ ಜೇನು ಚೀಪುತ್ತಿದ್ದೆವಲ್ವಾ, ಅದೇ ರುಚಿ!

ಆರು ತಿಂಗಳಿಗೆ ಹೊಸ ಎಲೆಗಳು ಹಳದಿಯಾದವು. ನರ ಮಾತ್ರ ಹಸಿರು. ನರ್ಸರಿಯಲ್ಲಿ ಕೇಳಿದರೆ "ನೀರು ಜಾಸ್ತಿ ಆಗಿರ್ಬೇಕು" ಅಂದರು. ಇದು ನನಗೆ ನಿಜಕ್ಕೂ ಬೇಸರ ತಂದಿತು. ಗಿಡ ಮಾರುವವರಿಗೆ ಗೊತ್ತಿರಬೇಕಾದ ವಿಷಯ ಇದು: ಕೇಪಳಕ್ಕೆ ಹುಳಿ (ಆಮ್ಲೀಯ) ಮಣ್ಣು ಬೇಕು. ನಮ್ಮ ಬೋರ್‌ವೆಲ್ ನೀರು ಗಡಸು. ಅದನ್ನೇ ಹಾಕುತ್ತಿದ್ದರೆ ಮಣ್ಣಿನ ಹುಳಿ ಕಡಿಮೆಯಾಗಿ, ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ, ಎಲೆ ಹಳದಿಯಾಗುತ್ತದೆ. ಮಳೆನೀರು ಹಿಡಿದು ಹಾಕಿದೆ, ಎಲೆಗೊಬ್ಬರ ಸೇರಿಸಿದೆ, ಚೀಲೇಟೆಡ್ ಕಬ್ಬಿಣ (ಗಿಡ ಸುಲಭವಾಗಿ ಹೀರಿಕೊಳ್ಳುವ ರೂಪದ ಕಬ್ಬಿಣ) ಸಿಂಪಡಿಸಿದೆ. ಎರಡು ತಿಂಗಳಲ್ಲಿ ಚಿಗುರು ಚೇತರಿಸಿತು.

ಹೂ ಬರುವುದು ಕೊಂಬೆಯ ತುದಿಯಲ್ಲಿ. ಹಾಗಾಗಿ ಸುಮ್ನೆ ಕತ್ತರಿ ಆಡಿಸಬೇಡಿ, ಹೂ ಮುಗಿದ ಮೇಲೆ ಸವರಿ. ಒಳ್ಳೆ ಬಿಸಿಲಿನಲ್ಲಿಡಿ.

ಗಿಡಕ್ಕೆ ಐದಕ್ಕೆ ಐದು, ಸಲಹೆಗೆ ಎರಡು. ಈ ವರ್ಷ ಬಟಾಣಿ ಗಾತ್ರದ ಕಾಯಿ ಕೆಂಪಾಗಿ, ಆಮೇಲೆ ಕಪ್ಪಾಯಿತು. ಅರ್ಧ ಪಿಕಳಾರಗಳ ಪಾಲು.