ಸತ್ತ ಸೆನ್ಸರ್ ಕೂಡ ಸೊನ್ನೆಯನ್ನೇ ತೋರಿಸುತ್ತದೆ: ಎಡಿಯುಸಿಎಂ355 ಜೊತೆ ಎರಡು ವರ್ಷ

ದೊಡ್ಡಬಳ್ಳಾಪುರದ ಹತ್ತಿರ ನಮ್ಮ ಸೋದರಮಾವನ ಕೋಳಿ ಶೆಡ್ ಇದೆ. ಅಲ್ಲಿನ ಗಾಳಿಯ ಅಮೋನಿಯಾ ಗ್ಯಾಸ್ ಅಳೆಯಲು ನಾನು ಮಾಡಿಕೊಟ್ಟ ಡಬ್ಬಿಯೊಳಗೆ ಎಡಿಯುಸಿಎಂ355 (ADuCM355) ಅನ್ನುವ, ಗ್ಯಾಸ್ ಸೆನ್ಸರ್ ಓದುವ ಈ ಚಿಪ್ ಎರಡು ವರ್ಷದಿಂದ ಕೂತಿದೆ. ಕಾರ್ಟೆಕ್ಸ್ ಎಂ3 ಪ್ರೊಸೆಸರ್, 16 ಬಿಟ್ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಎಲ್ಲಾ ಡೇಟಾಶೀಟ್‌ನಲ್ಲೇ ಇದೆ, ನೋಡಿಕೊಳ್ಳಿ.

ಇದಕ್ಕೂ ಮುಂಚೆ ಒಂದು ಹಳೆ ಡಬ್ಬಿ ಇತ್ತು. ಸಣ್ಣ ಸಿಗ್ನಲ್ ದೊಡ್ಡದು ಮಾಡುವ ಎರಡು ಆಪ್‌ಆಂಪ್, ಬೇರೆ ಎಡಿಸಿ, ಒಂದು ಆರ್ಡುಯಿನೋ ಬೋರ್ಡ್. ಒಂದು ಬೇಸಿಗೆಯಲ್ಲಿ ರೀಡಿಂಗ್ ಇಳಿಯುತ್ತಾ ಇಳಿಯುತ್ತಾ ಸೊನ್ನೆಗೆ ಬಂತು. ‘ಈ ಸಲ ಗಾಳಿ ಚೆನ್ನಾಗಿದೆ ಕಣೋ’ ಅಂತ ಮಾವ ಖುಷಿಯಾಗಿದ್ದರು. ನಾನು ಒಳಗೆ ಹೋಗಿ ಎರಡು ನಿಮಿಷ ನಿಂತರೆ ಕಣ್ಣು ಉರಿ. ದಿನಾ ಒಳಗೇ ಓಡಾಡುವ ಮಾವನ ಮೂಗಿಗೆ ಅದು ಅಭ್ಯಾಸ ಆಗಿಹೋಗಿತ್ತು. ಸೆನ್ಸರ್ ಒಳಗಿನ ದ್ರವ ಒಣಗಿಹೋಗಿತ್ತು, ಅಷ್ಟೇ. ದ್ರವದೊಳಗಿನ ರಾಸಾಯನಿಕ ಕ್ರಿಯೆಯಿಂದ ಗ್ಯಾಸ್ ಅಳೆಯುವ ಈ ಎಲೆಕ್ಟ್ರೋಕೆಮಿಕಲ್ ಸೆನ್ಸರ್ ಬುದ್ಧಿಯೇ ಹಾಗೆ. ಗ್ಯಾಸ್ ಇದ್ದಷ್ಟು ಕರೆಂಟ್ ಕೊಡುತ್ತದೆ, ಇಲ್ಲದಿದ್ದರೆ ಸೊನ್ನೆ, ಸತ್ತರೂ ಸೊನ್ನೆ.

ಈ ಚಿಪ್ ನನಗೆ ಹಿಡಿಸಿದ್ದು ಇದೇ ಕಾರಣಕ್ಕೆ. ಅದು ಸೆನ್ಸರ್‌ನ ಕರೆಂಟ್ ಓದುವುದು ಮಾತ್ರವಲ್ಲ, ಸೆನ್ಸರ್‌ನ ನಾಡಿಯನ್ನೂ ಹಿಡಿದು ನೋಡುತ್ತದೆ. ಬೆಳಗ್ಗೆ 6 ಗಂಟೆಗೆ ಸುಮಾರು 10 ಮಿಲಿವೋಲ್ಟ್‌ನ ಸಣ್ಣ ಏಸಿ ಅಲೆ ಕೊಟ್ಟು ಇಂಪೀಡೆನ್ಸ್ (ಆ ಅಲೆಗೆ ಸೆನ್ಸರ್ ಒಡ್ಡುವ ತಡೆ) ಅಳೆಯುವ ಹಾಗೆ ಪ್ರೋಗ್ರಾಂ ಬರೆದಿದ್ದೇನೆ. ಒಳಗಿನ ದ್ರವ ಒಣಗಿದಷ್ಟೂ ಈ ತಡೆ ಏರುತ್ತದೆ. ಈ ಪರೀಕ್ಷೆಗೆ ಗ್ಯಾಸ್ ಬೇಕಿಲ್ಲ, ಸಿಲಿಂಡರ್ ಬೇಕಿಲ್ಲ. ಆಮೇಲೆ ಸ್ವಲ್ಪ ಹೊತ್ತು ಅಮೋನಿಯಾ ರೀಡಿಂಗ್ ತೂರಾಡುತ್ತದೆ, ಅದನ್ನು ಲೆಕ್ಕಕ್ಕೆ ಇಟ್ಟಿಲ್ಲ. ಕಾಫಿ ಕುಡಿಯುವ ಹೊತ್ತಿಗೆ ಮೊಬೈಲ್‌ಗೆ ಇಂಪೀಡೆನ್ಸ್‌ನ ಒಂದು ಸಂಖ್ಯೆ ಬರುತ್ತದೆ. ಪೇಪರ್ ಓದುವ ಮುಂಚೆ ಅದನ್ನು ನೋಡುವುದು ಈಗ ಚಟ. ಹೋದ ಏಪ್ರಿಲ್‌ನಲ್ಲಿ ಆ ಸಂಖ್ಯೆ ಮೆಲ್ಲಗೆ ಏರತೊಡಗಿತು, ಮೇ ಕೊನೆಗೆ ಮೊದಲಿನದರ ಎರಡು ಪಟ್ಟು ದಾಟಿತು, ಆದರೆ ಅಮೋನಿಯಾ ರೀಡಿಂಗ್ ನೋಡಿದರೆ ಏನೂ ಆಗದವರ ಹಾಗೆ ನೆಟ್ಟಗೇ ಬರುತ್ತಿತ್ತು. ಸುಳ್ಳು ಹೇಳಲು ಶುರು ಮಾಡುವ ಮುಂಚೆಯೇ ಸೆನ್ಸರ್ ಬದಲಿಸಿದೆ. ಎರಡು ವರ್ಷದಲ್ಲಿ ಇದಕ್ಕಿಂತ ಖುಷಿ ಕೊಟ್ಟ ದಿನ ಇನ್ನೊಂದಿಲ್ಲ.

ಇನ್ನೊಂದು ಸಣ್ಣ ಸುಖ: ಕರೆಂಟ್ ಉಳಿಸಲು ಚಿಪ್ ಮಲಗಿದರೂ ಅದರ ಪೊಟೆನ್ಶಿಯೋಸ್ಟಾಟ್ ಅನ್ನುವ ಭಾಗ ಮಲಗುವುದಿಲ್ಲ. ಸೆನ್ಸರ್‌ಗೆ ಬೇಕಾದ ವೋಲ್ಟೇಜ್ ಕೈಬಿಡದೆ ಹಿಡಿದಿರುತ್ತದೆ. ಬ್ಯಾಟರಿಯಲ್ಲಿ ಓಡಿಸುವವರಿಗೆ ಇದರ ಬೆಲೆ ಗೊತ್ತು.

ಇಷ್ಟೆಲ್ಲಾ ಹೊಗಳಿದರೂ ಮೊದಲ ನಾಲ್ಕು ತಿಂಗಳು ಇದನ್ನು ಬೈಯದ ದಿನವಿಲ್ಲ. 6 ಮಿಲಿಮೀಟರ್ ಉದ್ದ, 5 ಮಿಲಿಮೀಟರ್ ಅಗಲದ ಚೂರು, ಅಡಿಯಲ್ಲಿ ಬೆಸುಗೆ ಹಾಕಲು 72 ಪ್ಯಾಡ್. ಕಾಲೇ ಇಲ್ಲ, ಸಾಲ್ಡರ್ ಹಿಡಿಯಿತೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಬಿಸಿಗಾಳಿ ಗನ್ ಹಿಡಿದು ನಾನೇ ಎರಡು ಚಿಪ್ ಸುಟ್ಟೆ, ಮೂರನೆಯದನ್ನು ದುಡ್ಡು ಕೊಟ್ಟು ಕೂರಿಸಿಕೊಂಡೆ.

ಕೂರಿಸಿದ ಮೇಲೂ ಒಂದು ತಿಂಗಳು ರೀಡಿಂಗ್ 44 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 44 ಪಾಲು) ದಾಟುತ್ತಲೇ ಇರಲಿಲ್ಲ. ಬೆಳಗಿನ ಜಾವ ಶೆಡ್‌ನ ಪರದೆ ಇಳಿಸಿ ಗಾಳಿ ಆಡದಿದ್ದಾಗ ನೆಟ್ಟಗೆ ಗೆರೆ ಎಳೆದ ಹಾಗೆ 44. ತಪ್ಪು ನನ್ನದೇ. ನನ್ನ ಸೆನ್ಸರ್ ಒಂದು ಪಿಪಿಎಂಗೆ 40 ನ್ಯಾನೋಆಂಪ್ ಕೊಡುತ್ತದೆ. ಆ ಕರೆಂಟನ್ನು ವೋಲ್ಟೇಜ್ ಮಾಡುವ ಗೇನ್ ರೆಸಿಸ್ಟರ್ ಅನ್ನು ನಾನು ಆಸೆಬುರುಕನ ಹಾಗೆ 512 ಕಿಲೋಓಮ್‌ಗೆ ಇಟ್ಟಿದ್ದೆ. ಎಡಿಸಿ ಓದುವುದೇ 0.9 ವೋಲ್ಟ್ ತನಕ, ಲೆಕ್ಕ ಹಾಕಿದರೆ 44ಕ್ಕೇ ತುಂಬಿಹೋಗುತ್ತದೆ ಅಲ್ವಾ! 256 ಮಾಡಿದೆ, ಒಂದೇ ಸಾಲು. ಆ ಸಾಲು ಎಲ್ಲಿದೆ ಅಂತ ಹುಡುಕಲು ಎರಡು ಭಾನುವಾರ ಹೋಯಿತು.

ಮಳೆಗಾಲ ಬಂದ ಕೂಡಲೇ ಇನ್ನೊಂದು. ಶೆಡ್ ಖಾಲಿ ಇದ್ದಾಗಲೂ ಎರಡೂವರೆ ಪಿಪಿಎಂ. ಬೋರ್ಡ್ ಮೇಲೆ ತೊಳೆಯದೆ ಬಿಟ್ಟ ಫ್ಲಕ್ಸ್ (ಬೆಸುಗೆಗೆ ಹಚ್ಚುವ ಅಂಟು) ತೇವ ಹಿಡಿದು, ಪಕ್ಕದ 3.3 ವೋಲ್ಟ್ ತಾಮ್ರದ ಗೆರೆಯಿಂದ ಕರೆಂಟ್ ಸೋರುತ್ತಿತ್ತು. ಹತ್ತಾರು ಮೆಗಾಓಮ್ ತಡೆ ದಾಟಿ ಸೋರುವುದು ಅಂದರೆ ಏನೂ ಇಲ್ಲ ಅನ್ನಿಸುತ್ತದೆ, ಆದರೆ ಅದರಲ್ಲೇ ಸುಮಾರು 100 ನ್ಯಾನೋಆಂಪ್ ಹರಿಯುತ್ತದೆ. ಹಳೆ ಟೂತ್‌ಬ್ರಷ್, ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೂರು ಸಲ ಉಜ್ಜಿದ ಮೇಲೆ ಸೊನ್ನೆಗೆ ಬಂತು. ಮುಂದಿನ ಬೋರ್ಡ್‌ನಲ್ಲಿ ಸೆನ್ಸರ್ ಗೆರೆಯ ಸುತ್ತ ಗಾರ್ಡ್ ರಿಂಗ್ (ಸೋರುವ ಕರೆಂಟನ್ನು ತಡೆಯುವ ತಾಮ್ರದ ಬಳೆ) ಹಾಕಿದೆ.

ಒಂದೇ ಒಂದು ಮೀಟರ್ ಸುಮ್ನೆ ಆಸೆಗೆ ಮಾಡುವವರು ಚಿಪ್ ಕೂರಿಸಿದ ರೆಡಿ ಬೋರ್ಡ್ ತಗೊಳ್ಳಿ, ನನ್ನ ಹಾಗೆ ಬರಿ ಚಿಪ್ ತರಿಸಬೇಡಿ. ದೂರದಲ್ಲಿ ಬಿಟ್ಟು ಬರುವ, ದಿನಾ ಹೋಗಿ ನೋಡಲಾಗದ ಸೆನ್ಸರ್ ಇದ್ದರೆ ಮಾತ್ರ ಇಷ್ಟು ಕಷ್ಟ ಪಡಿ. ಮಾವ ಈಗ 25 ಪಿಪಿಎಂ ದಾಟಿದರೆ ಪರದೆ ಎತ್ತುತ್ತಾರೆ. ಸೊನ್ನೆ ಬಂದರೆ ನನಗೆ ಫೋನ್ ಮಾಡುತ್ತಾರೆ: ‘ಬದುಕಿದೆಯೇನೋ ಅದು?’